ಮದ್ರಾಸಿನ ಸಂಜೆ

ಅಳತೆಯ ಟೇಪನ್ನು ಗಿಡ್ಡಪ್ಪನ ಎದೆಗೆ ಸುತ್ತಿ ಹಿಡಿದುಕೊಂಡೇ ಉಮಾಪತಿ ಮದ್ರಾಸಿನ ಸೂರ್ಯನನ್ನು ಸಮುದ್ರಕ್ಕೆ ಇಳಿಸುತ್ತಿದ್ದ.

“ಮೊದಲ ಬುಡ ನೀರಿಗೆ ತಾಗತೈತ್ರಿ. ಆಮ್ಯಾಲ ಅರ್ಧ. ಕಾದ ಇಸ್ತ್ರಿಪೆಟ್ಟಿಗಿ ನೀರಾಗ ಇಟ್ಟಂಗ. ಈಗ ಚುಂಯ್ ಅಂತೈತಿ, ಈಗ ಚುಂಯ್ ಅಂತೈತಿ ಅಂತ ಮಂದಿ ಉಸುಕಿನ ಮ್ಯಾಲ ಕಿವಿ ಕೊಟ್ಟು ಕುಂತಿರ್ತಾರ.”

ಟಪಾಲು ಹಂಚುವ ಗಿಡ್ಡಪ್ಪ ಉಸಿರು ಬಿಗಿಹಿಡಿದು ನಿಂತಿದ್ದ. ಖಾಕಿ ಕೋಟಿನ ಅಳತೆ ಕೊಡುವಾಗ ಉಸಿರು ಹಿಡಿಯಬಾರದೆಂದು ಅವನಿಗೆ ಗೊತ್ತಿತ್ತು, ಆದರೆ ಕಥೆ ಹಾಗಿತ್ತು. ಈ ಕಥೆಯನ್ನು ಅವನು ಕಡಿಮೆಯೆಂದರೂ ಹತ್ತು ಸಲ ಕೇಳಿದ್ದ. ಕೊಪ್ಪಳದ ಬಜಾರಿನಲ್ಲಿ ಉಮರಸಾಬನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಉಮಾಪತಿಯ ಹೊಲಿಗೆ ಯಂತ್ರವಿತ್ತು, ಅದರ ಮೇಲೆ ‘ಮುಂಬಯಿ ಮದ್ರಾಸ್ ಟೇಲರ್’ ಎಂಬ ತಗಡಿನ ಬೋರ್ಡಿತ್ತು. ಅಲ್ಲಿ ಒಂದು ಅಂಗಿ ಹೊಲಿಸಿದರೆ ಎರಡು ಸಮುದ್ರ ಪುಕ್ಕಟೆ ಎಂದು ಊರವರು ನಗುತ್ತಿದ್ದರು. ನಗುತ್ತಲೇ ಹೋಗಿ ಕೂಡುತ್ತಿದ್ದರು. ಆ ಕಟ್ಟೆಯ ಮೇಲೆ ಕೂತವರಲ್ಲಿ ಬಹಳ ಮಂದಿ ತುಂಗಭದ್ರೆಗಿಂತ ದೊಡ್ಡ ನೀರನ್ನು ಕಂಡವರಲ್ಲ.

ಉಮಾಪತಿ ಎರಡು ಊರುಗಳನ್ನು ಟೇಲರನ ಕಣ್ಣಿನಿಂದಲೇ ತೂಗುತ್ತಿದ್ದ. ಮುಂಬಯಿಯದು ಹಸಿ ಹವೆ, ಒಗೆದ ಅಂಗಿ ಎರಡು ದಿನವಾದರೂ ಒಣಗುವುದಿಲ್ಲ, ಮಳೆ ಹಿಡಿಯಿತೆಂದರೆ ಕೋಟಿನ ಅಸ್ತರಿಗೆ ಬೂಷ್ಟು. ಅಲ್ಲಿಯ ಸಮುದ್ರ ಗೋಡೆಗೆ ಬಂದು ಗುದ್ದುತ್ತದೆ. ಮಂದಿಗೆ ಅದರ ಕಡೆ ನೋಡಲು ಪುರಸೊತ್ತಿಲ್ಲ, ದಂಡೆಯ ಮೇಲೂ ಟ್ರಾಮು ತಪ್ಪಿದವರ ಹಾಗೆ ನಡೆಯುತ್ತಾರೆ. ಮದ್ರಾಸು ಹಾಗಲ್ಲ. ಅಲ್ಲಿ ಉಸುಕಿನ ಬಯಲು ನಮ್ಮ ಕೋಟೆಯಿಂದ ಸ್ಟೇಷನ್ನಿನವರೆಗೆ. ಇಳಿಹೊತ್ತಿಗೆ ತಂಪು ಗಾಳಿ ಏಳುತ್ತದೆ, ಹೆಂಡಿರು ಮಕ್ಕಳನ್ನು ಕರೆದುಕೊಂಡು ಜನ ಬಂದು ಕೂಡುತ್ತಾರೆ, ಮಾತಾಡುತ್ತಾರೆ, ಕಡಲೆ ತಿನ್ನುತ್ತಾರೆ. ಗಂಡಸರಿಗೆ ಕೋಟೇ ಬೇಡ, ತೆಳ್ಳನೆಯ ಧೋತರ, ಹೆಗಲಿಗೊಂದು ವಸ್ತ್ರ ಸಾಕು.

ಕೋಟೇ ಬೇಡದ ಊರಿನಲ್ಲಿ ನೀನೇನು ಟೇಲರ್ ಕೆಲಸ ಕಲಿತೆ ಎಂದು ಗಿಡ್ಡಪ್ಪ ಒಮ್ಮೆ ಕಾಲೆಳೆದಿದ್ದ. ವಕೀಲರು ಕೋಟು ಹಾಕುತ್ತಾರೆ ಎಂದು ಉಮಾಪತಿ ಥಟ್ಟನೆ ಉತ್ತರ ಕೊಟ್ಟಿದ್ದ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವ ಕಲೆ ಅವನಿಗೆ ಚೆನ್ನಾಗಿ ಒದಗಿತ್ತು.

ಟೇಪು ಬಿಚ್ಚುವ ಹೊತ್ತಿಗೆ ಕಟ್ಟೆಯ ಮೆಟ್ಟಿಲ ಹತ್ತಿರ ಭಾವ ಈಶಪ್ಪ ಕಾಣಿಸಿಕೊಂಡ. ಅವನ ಹಿಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಕ್ಕ ಪಾರ್ವತೆಮ್ಮ. ಯಲಬುರ್ಗಿಯಿಂದ ಚಕ್ಕಡಿಯಲ್ಲಿ ಬಂದವರು ನೇರವಾಗಿ ದವಾಖಾನೆಗೆ ಹೋಗಿ ಈಗ ಇಲ್ಲಿಗೆ ಬಂದಿದ್ದರು. ಮೂರು ಮೆಟ್ಟಿಲು ಹತ್ತಲು ಅಕ್ಕ ಎರಡು ಸಲ ನಿಂತಳು. ಅವಳ ಎದೆಯೊಳಗೆ ಸಣ್ಣ ಸಿಳ್ಳೆಯಂಥ ಸದ್ದು ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಮೆಣಸಿನಕಾಯಿ ಸುಗ್ಗಿಯಲ್ಲಿ ಹತ್ತಿದ ದಮ್ಮು ಇದು. ಆಮೇಲೆ ಜೋಳದ ಧೂಳು ಆಗದಾಯಿತು, ಒಲೆಯ ಹೊಗೆ ಆಗದಾಯಿತು, ಈಗ ಬರೀ ಗಾಳಿಯೂ ಆಗದು.

ಉಮರಸಾಬ ತಾನೇ ಎದ್ದು ಚಾಪೆ ಹಾಸಿದ. ಗಿಡ್ಡಪ್ಪ ಚೀಲ ಹೆಗಲಿಗೇರಿಸಿಕೊಂಡು ಹೊರಟು ಹೋದ. ಈಶಪ್ಪ ಡಾಕ್ಟರು ಹೇಳಿದ್ದನ್ನು ವಿವರಿಸಿದ: ಈ ಧೂಳಿನ ಸೀಮೆಯಿಂದ ಎರಡು ತಿಂಗಳಾದರೂ ದೂರ ಇರಬೇಕು, ಸಮುದ್ರದ ಗಾಳಿ ತಗೊಳ್ಳಬೇಕು, ಮಳೆಗಾಲ ಹಿಡಿಯುವ ಮೊದಲೇ ಹೋಗಿಬರಬೇಕು. ಇನ್ನೊಂದು ಸುಗ್ಗಿ ಹೀಗೆಯೇ ಕಳೆದರೆ ಆಮೇಲೆ ತನ್ನ ಕೈಯಲ್ಲಿಲ್ಲ ಎಂದಿದ್ದರಂತೆ ಡಾಕ್ಟರು. ಈಶಪ್ಪ ಅದನ್ನು ಹೇಳುವಾಗ ಹೆಂಡತಿಯ ಕಡೆ ನೋಡಲಿಲ್ಲ.

“ಮುಂಬಯಿದಾಗ ನಿಮ್ಮೂರ ಹಂಪಣ್ಣ ಅದಾನ. ಅವನ ಖೋಲಿ ಐತಿ, ಅವನ ಹೆಂತಿ ಪಂಪಮ್ಮ ಅದಾಳ. ಹೋಗಿ ಬರಬೇಕಂತ ಒಂದು ಕಾಗದ ಹಾಕೀನಿ, ಉತ್ತರ ನಿನ್ನ ವಿಳಾಸಕ್ಕ ಬರತೈತಿ. ಆದ್ರ ನೀ ಎರಡೂ ಊರು ಕಂಡವ. ಯಾವುದರ ಹವಾ ಛಲೋ, ನೀನ ಹೇಳಪಾ. ನೀ ಹೇಳಿದ್ದಕ್ಕ ಹೋಗ್ತೀವಿ.”

ಹಂಪಣ್ಣನ ಹೆಸರು ಕೇಳಿದ ಕೂಡಲೇ ಉಮಾಪತಿಯ ಕೈ ಸುಮ್ಮನೆ ಕೊರಳಿನ ಟೇಪಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನಡೆದದ್ದು ಇಷ್ಟು. ಆರು ವರ್ಷದ ಹಿಂದೆ ಉಮಾಪತಿ ಮುಂಬಯಿಗೆ ಹೋದದ್ದು ನಿಜ. ಅಲ್ಲಿ ಒಬ್ಬ ಟೇಲರನ ಹತ್ತಿರ ಎಂಟು ತಿಂಗಳು ಬೆಳಗಿನಿಂದ ದೀಪ ಹಚ್ಚುವವರೆಗೆ ಗುಂಡಿ ತೂರುವ ಸೀಳಿಗೆ ದಾರ ಸುತ್ತಿ ಕಾಜಾ ಹಾಕುತ್ತ ಕೂತದ್ದೂ ನಿಜ. ಕತ್ತರಿ ಮುಟ್ಟಲು ಅವನಿಗೆ ಅಪ್ಪಣೆ ಇರಲಿಲ್ಲ. ಒಂದು ಮಧ್ಯಾಹ್ನ ಮಾಸ್ತರ ಊಟಕ್ಕೆ ಹೋದಾಗ ತಾನೇ ಕತ್ತರಿ ಹಿಡಿದು ಯಾರದೋ ಕೋಟಿನ ಬಟ್ಟೆ ಕೆಡಿಸಿದ. ಮಾಸ್ತರ ಹತ್ತು ಮಂದಿಯ ಮುಂದೆ ಕೆನ್ನೆಗೆ ಬಾರಿಸಿ ಬೀದಿಗೆ ನೂಕಿದ. ಆ ಹತ್ತು ಮಂದಿಯಲ್ಲಿ ಹಂಪಣ್ಣನೂ ಇದ್ದ.

ಊರಿಗೆ ಬರಲು ಮುಖವಿಲ್ಲದೆ ಉಮಾಪತಿ ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿಯಲೇ ಇಲ್ಲ, ಅದೇ ಗಾಡಿಯಲ್ಲಿ ಮುಂದೆ ಗುಂತಕಲ್ಲಿಗೆ ಹೋದ. ಅಲ್ಲಿ ರೈಲ್ವೆಯವರ ಖಾಕಿ ಹೊಲಿಯುವ ಕಡೆ ಐದು ತಿಂಗಳಿದ್ದ. ಕಟಿಂಗ್ ಕಲಿತದ್ದು ಅಲ್ಲಿಯೇ. ಎದುರಿನ ಯಂತ್ರಕ್ಕೆ ಕೂಡುತ್ತಿದ್ದವನು ಮದ್ರಾಸಿನವನು, ಕಾಲು ತುಳಿಯುತ್ತ ದಿನವೆಲ್ಲ ತನ್ನೂರಿನ ಉಸುಕು, ಗಾಳಿ, ಕಡಲೆ ಎಂದು ಹಲುಬುತ್ತಿದ್ದ. ಊರಿಗೆ ಬಂದ ದಿನ ಇಷ್ಟು ದಿನ ಎಲ್ಲಿದ್ದಿ ಎಂದು ಯಾರೋ ಕೇಳಿದರು. “ಮುಂಬಯಿ ಆತು, ಮದ್ರಾಸೂ ಆತು” ಎಂದುಬಿಟ್ಟ. ಆಡಿದ ಮಾತು ಬೋರ್ಡಾಯಿತು. ಕಾಣದ ಊರಿನ ಸಂಜೆಗೆ ಕಂಡ ಊರಿನ ಸೂರ್ಯನನ್ನು ತಂದು ಕೂರಿಸಿದ. ಸಮುದ್ರ ಎಂದರೆ ಸಮುದ್ರ, ಅದರ ಸಂಜೆ ಎಲ್ಲಿಯಾದರೂ ಒಂದೇ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ಈಗ ಅಕ್ಕ ಮುಂಬಯಿಗೆ ಹೋದರೆ ಹಂಪಣ್ಣನ ಖೋಲಿಯಲ್ಲೇ ಎರಡು ತಿಂಗಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಂದಲ್ಲ ಒಂದು ದಿನ ಮಾತು ಬಂದೇ ಬರುತ್ತದೆ. ಭಾವನಿಗೆ ತಿಳಿದರೆ ಯಲಬುರ್ಗಿಗೆ ತಿಳಿಯಿತು, ಯಲಬುರ್ಗಿಗೆ ತಿಳಿದರೆ ಕೊಪ್ಪಳಕ್ಕೆ. ಉಮಾಪತಿಗೆ ಕೆನ್ನೆ ಬಿಸಿಯಾಯಿತು.

“ಮುಂಬಯಿ ಬ್ಯಾಡ್ರಿ ಮಾಮಾ” ಎಂದ. ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ಸರಾಗವಾಗಿ ಬಂತು. ಅಲ್ಲಿ ಎದೆಗೆ ಹಸಿ ಇಳಿಯುತ್ತದೆ, ಹಂಪಣ್ಣನ ಖೋಲಿ ನಾಲ್ಕು ಮಾಳಿಗೆ ಮೇಲೆ, ದಿನಕ್ಕೆರಡು ಸಲ ಹತ್ತಿ ಇಳಿದರೆ ಅಕ್ಕನ ಗತಿ ಏನು, ಗಿರಣಿಯ ಹೊಗೆ ಬೇರೆ. ಮದ್ರಾಸಿನಲ್ಲಿ ಛತ್ರಗಳಿವೆ, ಸಮುದ್ರಕ್ಕೆ ನಡೆದೇ ಹೋಗಬಹುದು, ಸಂಜೆಯ ಗಾಳಿ ಎಷ್ಟು ತಂಪೆಂದರೆ ಬೇಸಿಗೆಯಲ್ಲೂ ಮೈತುಂಬ ಬಟ್ಟೆ ಬೇಕು. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜವೆನ್ನಿಸತೊಡಗಿತ್ತು.

ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಡುನಡುವೆ “ಹೂಂ” ಎನ್ನುತ್ತಿದ್ದಳು. ಅವ್ವ ಸತ್ತಾಗ ಉಮಾಪತಿಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಅವಳೇ ಉಣಿಸಿದ್ದು, ಅವಳೇ ಕಥೆ ಹೇಳಿ ಮಲಗಿಸಿದ್ದು. ಕಥೆ ಹೇಳುವಾಗ ಇವನು ಹೂಂಗುಟ್ಟಬೇಕಿತ್ತು, ಇಲ್ಲದಿದ್ದರೆ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು.

“ಆ ಹೊತ್ತು ಮುಳುಗೂದು ನಾನೂ ನೋಡಬೇಕು ತಮ್ಮಾ” ಎಂದಳು ಅಕ್ಕ. “ದಮ್ಮು ಹೋಗಲಿ ಬಿಡಲಿ, ಅದೊಂದು ನೋಡಿ ಬಂದ್ರ ಸಾಕು.”

ಹಾಗಾದರೆ ನೀನೂ ಬಾ, ದಾರಿ ಗೊತ್ತಿದ್ದವರು ಜೊತೆಗಿದ್ದರೆ ಚೆನ್ನ ಎಂದು ಈಶಪ್ಪ ಒತ್ತಾಯಿಸಿದ. ಉಮಾಪತಿ ಲಗ್ನಸರಾಯಿಯನ್ನು ಮುಂದೆ ಮಾಡಿದ. ಏಳು ಮದುಮಕ್ಕಳ ಕೋಟು ಒಪ್ಪಿಕೊಂಡಿದ್ದೇನೆ ಎಂದ. ಒಪ್ಪಿಕೊಂಡದ್ದು ಮೂರು. ಭಾವನ ಮುಖ ಸಣ್ಣದಾಯಿತು. ಅಕ್ಕನೇ ಅವನ ಪರ ನಿಂತಳು. ಇಷ್ಟೆಲ್ಲ ಬಿಡಿಸಿ ಹೇಳಿದ್ದಾನಲ್ಲ, ಇನ್ನು ಕಣ್ಣು ಮುಚ್ಚಿಕೊಂಡು ಹೋಗಬಹುದು ಎಂದಳು.

ಅವಳಿಗೆಂದು ಉಮಾಪತಿ ಎರಡು ಕುಪ್ಪಸ ಹೊಲಿದ. ಮಣಿಕಟ್ಟಿನವರೆಗೆ ತೋಳು, ಒಳಗೆ ಅಸ್ತರಿ, ಬಟ್ಟೆ ಫ್ಲಾನಲ್. ಥಾನು ಬಿಚ್ಚುತ್ತ ಉಮರಸಾಬ ಕೈ ತಡೆದು ನೋಡಿದ.

“ಬ್ಯಾಸಗಿ ಬಂದೈತಿ, ಫ್ಲಾನಲ್ ಏನೋ ಮಾರಾಯಾ?”

ಸಮುದ್ರದ ಗಾಳಿ ನಿಮಗೆ ಗೊತ್ತಿಲ್ಲ ಎಂದು ಉಮಾಪತಿ ತಲೆ ಎತ್ತದೆ ಹೇಳಿದ. ಅವನು ಸಮುದ್ರ ಕಂಡ ಒಂದೇ ಸಂಜೆ ಪುಷ್ಯಮಾಸದಲ್ಲಿತ್ತು, ಮೈಮೇಲೆ ಹರಕು ಅಂಗಿಯಿತ್ತು, ನಡುಗಿದ್ದ. ಆ ನಡುಕದ ಅಳತೆಯಲ್ಲೇ ಅಕ್ಕನಿಗೆ ಬಟ್ಟೆ ಕತ್ತರಿಸಿದ. ಹೊಲಿಗೆ ಮಾತ್ರ ಬಹಳ ಚೆನ್ನಾಗಿತ್ತು. ಮಾಡಿದ ತಪ್ಪನ್ನು ಸಣ್ಣ ಸಣ್ಣ ಟಾಕುಗಳಿಂದ ಮುಚ್ಚುವವನ ಹಾಗೆ ಕೂತು ಹೊಲಿದಿದ್ದ.

ಬಹುಧಾನ್ಯ ಸಂವತ್ಸರದ ಯುಗಾದಿ ಕಳೆದು ಒಂಬತ್ತನೆಯ ದಿನ ಅವರು ಹೊರಟರು. ಸ್ಟೇಷನ್ನಿನಲ್ಲಿ ಉಮಾಪತಿ ಹಾಸಿಗೆ ಸುರುಳಿ, ರೊಟ್ಟಿ ಗಂಟು, ನೀರಿನ ತಂಬಿಗೆ ಎಲ್ಲ ತಾನೇ ಹೊತ್ತು ಡಬ್ಬಿಯೊಳಗಿಟ್ಟ. ಮುಂಬಯಿಗೆ ಹೋಗುವವರಿಗೆ ಗಾಡಿ ಹುಬ್ಬಳ್ಳಿಯ ಕಡೆ ಮುಖ ಮಾಡಿರುತ್ತದೆ. ಇದು ಹೊಸಪೇಟೆಯ ಕಡೆ ಮುಖ ಮಾಡಿ ನಿಂತಿತ್ತು. ಈಗಲಾದರೂ ಹೇಳಿಬಿಡಬೇಕು ಎಂದು ಅವನಿಗೆ ಎರಡು ಸಲ ಅನ್ನಿಸಿತು. ಮೊದಲನೆಯ ಸಲ ಭಾವ ಕಿಟಕಿಯ ಹತ್ತಿರ ಇದ್ದ. ಎರಡನೆಯ ಸಲ ಅಕ್ಕ ಒಬ್ಬಳೇ ಇದ್ದಳು. ಆಗಲೂ ಅವನು ಹೇಳಿದ್ದು ಒಂದೇ ಮಾತು: “ಸಂಜಿಮುಂದ ತಪ್ಪದ ದಂಡಿಗೆ ಹೋಗು, ಅಕ್ಕಾ.”

ಅವರು ಹೋದ ಆರನೆಯ ದಿನ ಗಿಡ್ಡಪ್ಪ ಒಂದು ಕಾಗದ ತಂದುಕೊಟ್ಟ. ಮುಂಬಯಿಯದು. ಈಶಪ್ಪನ ಹೆಸರಿಗೆ ಉಮಾಪತಿಯ ವಿಳಾಸದ ಮೇಲೆ ಬಂದಿತ್ತು. ಉಮಾಪತಿ ಬಿಚ್ಚಿ ಓದಿದ.

‘ಹಂಪಣ್ಣನ ಶರಣಾರ್ಥಿ. ತಂಗಿಯನ್ನು ತಡಮಾಡದೆ ಕರೆತರಬೇಕು. ಮಾಳಿಗೆ ಹತ್ತಲು ಆಗಲಿಕ್ಕಿಲ್ಲವೆಂದು ಕೆಳಗಿನ ಖೋಲಿಯವರಿಗೆ ಹೇಳಿ ಎರಡು ತಿಂಗಳ ಮಟ್ಟಿಗೆ ಅದಲು ಬದಲು ಮಾಡಿಕೊಂಡಿದ್ದೇವೆ. ನೆಲದ ಮೇಲಿನ ಖೋಲಿ, ಗಾಳಿ ಬರುತ್ತದೆ. ಇವಳು ದಿನಾ ದಾರಿ ಕಾಯುತ್ತಾಳೆ. ನಮ್ಮ ಉಮಾಪತಿಗೆ ಹೇಳಿರಿ, ಅವನು ಕಾಜಾ ಹಾಕಿಕೊಟ್ಟ ನನ್ನ ಕೋಟು ಹಳತಾಗಿ ಹರಿಯಿತು, ಕಾಜಾ ಮಾತ್ರ ಇನ್ನೂ ಒಂದು ಎಳೆ ಬಿಟ್ಟಿಲ್ಲ. ಬಂದವರಿಗೆಲ್ಲ ತೋರಿಸುತ್ತೇನೆ, ನಮ್ಮೂರ ಹುಡುಗನ ಕೈ ಎಂದು.’

ಉಮಾಪತಿ ಕಾಗದವನ್ನು ಮಡಿಚಿ ಚಿಂದಿ ಬಟ್ಟೆಗಳ ಕೆಳಗಿಟ್ಟ. ಏನು ಸುದ್ದಿ ಎಂದು ಉಮರಸಾಬ ಕೇಳಿದ್ದಕ್ಕೆ ಎಲ್ಲ ಆರಾಮ ಎಂದ. ಆ ದಿನವೆಲ್ಲ ಅವನ ಯಂತ್ರ ನಡೆಯಲಿಲ್ಲ. ಆರು ವರ್ಷ ಅವನು ಹೆದರಿದ್ದು ಆ ಕೆನ್ನೆಯೇಟನ್ನು ಹಂಪಣ್ಣ ನೆನಪಿಟ್ಟಿದ್ದಾನೆಂದು. ಹಂಪಣ್ಣ ನೆನಪಿಟ್ಟದ್ದು ಕಾಜಾವನ್ನು.

ಮದ್ರಾಸಿನಿಂದ ಈಶಪ್ಪನ ಕಾರ್ಡು ಬಂದದ್ದು ಇನ್ನೂ ಎರಡು ವಾರಕ್ಕೆ. ಛತ್ರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಗೊಡಲಿಲ್ಲವೆಂದೂ ಕಿಟಕಿಯಿಲ್ಲದ ಒಂದು ಖೋಲಿ ಹಿಡಿದಿರುವುದಾಗಿಯೂ ಬರೆದಿದ್ದ. ಮಾತು ತಿಳಿಯುವುದಿಲ್ಲ, ಜೋಳ ಕಾಣಲಿಲ್ಲ, ಸೆಕೆ ಹೇಳತೀರದು, ಸಂಜೆ ಮಾತ್ರ ದಂಡೆಗೆ ಹೋಗುತ್ತೇವೆ, ನೀನು ಹೇಳಿದ ಜಾಗ ಇನ್ನೂ ಸಿಕ್ಕಿಲ್ಲ. ಕೊನೆಯ ಸಾಲು ಉಮಾಪತಿಗೆ ಅರ್ಥವಾಗಲಿಲ್ಲ. ತಾನು ಯಾವ ಜಾಗವನ್ನೂ ಹೇಳಿರಲಿಲ್ಲವಲ್ಲ ಎಂದು ತಲೆ ಕೆರೆದುಕೊಂಡ.

ಅರ್ಥವಾದದ್ದು ಸಾಲೆಯಲ್ಲಿ. ದೊಡ್ಡ ಮಾಸ್ತರರಿಗೆ ಶೇರವಾನಿಯ ಅಳತೆ ತೆಗೆಯಲು ಹೋಗಿದ್ದ. ಗೋಡೆಯ ಮೇಲೆ ಹಿಂದುಸ್ತಾನದ ನಕಾಶೆ ತೂಗುಬಿಟ್ಟಿದ್ದರು. ಅದರ ಮೇಲಿನ ಉರ್ದು ಅಕ್ಷರ ಅವನಿಗೆ ಬಾರದು. ಕೊಪ್ಪಳ ಎಲ್ಲಿ, ಮುಂಬಯಿ ಎಲ್ಲಿ, ಮದ್ರಾಸು ಎಲ್ಲಿ ಎಂದು ಕೇಳಿದ. ಮಾಸ್ತರರು ಖುಷಿಯಿಂದ ಬೆತ್ತ ಹಿಡಿದು ತೋರಿಸಿದರು. ಟೇಲರನ ಕಣ್ಣಿಗೆ ಅದು ಗೋಡೆಗೆ ತೂಗುಹಾಕಿದ ಅಂಗಿಯ ಹಾಗೆ ಕಂಡಿತು. ಮುಂಬಯಿ ಎಡಗಡೆ ಕಂಕುಳಲ್ಲಿತ್ತು, ಅದರ ಆಚೆ ನೀರು. ಮದ್ರಾಸು ಬಲಗಡೆ ಪಕ್ಕದ ಹೊಲಿಗೆಯ ಮೇಲಿತ್ತು, ನೀರು ಅದರಿಂದಾಚೆ, ಬಲಕ್ಕೆ.

“ಹೊತ್ತು ಇದರಾಗ ಯಾವ ಕಡಿ ಹುಟ್ಟತೈತ್ರಿ ಮಾಸ್ತರ್ರ?” ಎಂದು ಕೇಳಿದ.

ಮಾಸ್ತರರು ನಕ್ಕು ಬೆತ್ತವನ್ನು ಬಲಗಡೆಯ ನೀರಿನ ಮೇಲೆ ಇಟ್ಟರು. ಇಲ್ಲಿ ಹುಟ್ಟಿ, ಇಲ್ಲಿ ಮುಳುಗುತ್ತದೆ ಎಂದು ಅದನ್ನು ಎಡಕ್ಕೆ ಎಳೆದರು. ಬೆತ್ತ ಮದ್ರಾಸನ್ನು ದಾಟಿ, ಕೊಪ್ಪಳವನ್ನು ದಾಟಿ, ಮುಂಬಯಿಯ ಆಚೆ ನಿಂತಿತು.

ಆ ದಿನ ಬರೆದುಕೊಂಡ ಎದೆಯ ಅಳತೆ ಎರಡು ಇಂಚು ತಪ್ಪಿತ್ತು. ಅಂಗಡಿಗೆ ಬಂದು ಉಮಾಪತಿ ಬೋರ್ಡಿನ ಕೆಳಗೆ ಕೂತ. ಮದ್ರಾಸಿನಲ್ಲಿ ಸಂಜೆಯ ಸೂರ್ಯ ಜನರ ಬೆನ್ನ ಹಿಂದೆ, ಮನೆಗಳ ಆಚೆ ಮುಳುಗುತ್ತಾನೆ. ದಮ್ಮು ಹತ್ತಿದ ಹೆಂಗಸೊಬ್ಬಳು ಫ್ಲಾನಲ್ ಕುಪ್ಪಸ ತೊಟ್ಟು ದಿನವೂ ಅತ್ತ ಬೆನ್ನು ಹಾಕಿ, ನೀರಿಗೆ ಮುಖ ಮಾಡಿ ಕೂತಿರುತ್ತಾಳೆ. ಎಷ್ಟು ಸಂಜೆಗಳಾದವು ಎಂದು ಎಣಿಸಲು ಹೋಗಿ ಬಿಟ್ಟುಬಿಟ್ಟ.  

ಎರಡು ತಿಂಗಳಿಗೆಂದು ಹೋದವರು ನಲವತ್ತೊಂದನೆಯ ದಿನಕ್ಕೆ ಮಧ್ಯಾಹ್ನದ ಗಾಡಿಗೆ ಬಂದಿಳಿದರು. ಈಶಪ್ಪ ಮುಂದೆ, ಅವನ ತೋಳು ಹಿಡಿದು ಅಕ್ಕ. ಈ ಸಲ ಮೂರು ಮೆಟ್ಟಿಲಿಗೆ ಮೂರು ಸಲ ನಿಂತಳು. ಕೊರಳ ಎಲುಬು ಎದ್ದು ಕಾಣುತ್ತಿತ್ತು, ಎದೆಯ ಸಿಳ್ಳೆ ಕಟ್ಟೆಯ ಆ ತುದಿಗೂ ಕೇಳುತ್ತಿತ್ತು. ಕಟ್ಟೆಯ ಮೇಲೆ ಉಮರಸಾಬ, ಗಿಡ್ಡಪ್ಪ, ಬಟ್ಟೆಗೆ ಬಂದ ಇನ್ನಿಬ್ಬರು ಇದ್ದರು. ಚಾಪೆ ಹಾಸಿದರು, ನೀರು ಕೊಟ್ಟರು. ಅವಳಿಗೆ ಉಸಿರು ನಿಲುಕಿದ ಮೇಲೆ ಗಿಡ್ಡಪ್ಪನಿಗೆ ತಡೆಯಲಾಗಲಿಲ್ಲ. ಅವನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ.

“ಹೆಂಗಿತ್ರಿ ಅಕ್ಕಾರ ಮದ್ರಾಸ ಸಮುದ್ರ? ನಮ್ಮ ಟೇಲರ್ ಹೇಳಿದಂಗ ಐತೇನ್ರಿ?”

ಈಶಪ್ಪ ಸಟ್ಟನೆ ತಲೆ ಎತ್ತಿದ. ಅವನ ಕಣ್ಣು ನೇರವಾಗಿ ಉಮಾಪತಿಯ ಮೇಲಿತ್ತು. “ಅಲ್ಲಿ ಹೊತ್ತು—” ಎಂದು ಶುರು ಮಾಡಿದ. ಅಕ್ಕ ಗಂಡನ ಮೊಣಕಾಲ ಮೇಲೆ ಕೈಯಿಟ್ಟಳು.

“ಹೇಳಿದಂಗ ಐತ್ರಿ” ಎಂದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು. “ತಮ್ಮ ಹೇಳಿದಂಗ ಐತಿ. ಹೊತ್ತು ನೀರಾಗ ಮುಳುಗತೈತಿ. ದಿನಾ ನೋಡೀನಿ.”

ಗಿಡ್ಡಪ್ಪ ತೃಪ್ತಿಯಿಂದ ಉಮರಸಾಬನ ಮುಖ ನೋಡಿದ, ತಾನೇ ಹೋಗಿ ನೋಡಿಬಂದವನ ಹಾಗೆ. ಉಮಾಪತಿ ಕೈಯಲ್ಲಿದ್ದ ಸೂಜಿಯನ್ನು ನೋಡುತ್ತ ಕೂತ. ಅವನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನಾಲ್ಕು ಮಂದಿಯ ಮುಂದೆ ಅಕ್ಕ ಬೈದಿದ್ದರೆ, ಭಾವ ಎದ್ದು ಮುಂಬಯಿಯ ಮಾಸ್ತರನ ಹಾಗೆಯೇ ಬಾರಿಸಿದ್ದರೆ, ಇದಕ್ಕಿಂತ ಹಗುರಾಗುತ್ತಿತ್ತು.

ಚಕ್ಕಡಿ ಗೊತ್ತುಮಾಡಲು ಈಶಪ್ಪ ಎದ್ದ. ಮೆಟ್ಟಿಲಿಳಿಯುವಾಗ ತಿರುಗಿ ನೋಡದೆ ಹೇಳಿದ: “ನಿನ್ನ ಕೂಡ ಮಾತಾಡೂದೈತಿ ಉಮಾಪತಿ. ಇವತ್ತಲ್ಲ.”

ಬಿಸಿಲು ಇಳಿಯುವವರೆಗೆ ಅಕ್ಕ ಮಲಗಲೆಂದು ಉಮಾಪತಿ ಅವಳನ್ನು ಅಂಗಡಿಯ ಹಿಂದಿನ ತನ್ನ ಕೋಣೆಗೆ ಕರೆದೊಯ್ದ. ಕಟ್ಟೆಗೂ ಕೋಣೆಗೂ ನಡುವೆ ಒಂದು ಪರದೆ ಅಷ್ಟೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ಹಾಸಿಗೆ ಸುರುಳಿಗೆ ಒರಗಿ ಕೂತಳು. ಗಂಟು ಬಿಚ್ಚಿ ಒಂದು ಕುಪ್ಪಸ ತೆಗೆದಳು. ಕಂಕುಳ ಸುತ್ತ ಬೆವರಿನ ಉಪ್ಪು ಬೆಳ್ಳಗೆ ಗೆರೆಗೆರೆಯಾಗಿ ಒಣಗಿತ್ತು. ಅಸ್ತರಿ ಒಂದು ಕಡೆ ಕಿತ್ತಿತ್ತು.

“ಇದರ ತೋಳು ಮೊಣಕೈ ಮಟ ಕತ್ತರಿಸಿ ಕೊಡು. ಅಸ್ತರಿ ಬಿಚ್ಚು. ಬಟ್ಟಿ ಗಟ್ಟಿ ಐತಿ, ಯಾಕ ಕೆಡಿಸೂದು.”

ಉಮಾಪತಿ ಕುಪ್ಪಸ ತಗೊಂಡ.  ಅವಳೇ ಸಣ್ಣ ದನಿಯಲ್ಲಿ ಹೇಳಿದಳು, ಯಾರ ಮೇಲೂ ದೂರು ಹೇಳುವವಳ ಹಾಗಲ್ಲ, ಹಾದಿಯ ಸುದ್ದಿ ಹೇಳುವವಳ ಹಾಗೆ. ಮೊದಲ ಸಂಜೆ ಹೋಗಿ ಕೂತರಂತೆ. ಗಾಳಿ ಅವನು ಹೇಳಿದ ಹಾಗೆಯೇ ಇತ್ತು, ಉಸುಕೂ ಇತ್ತು, ಕಡಲೆ ಮಾರುವವರೂ ಇದ್ದರು. ಕತ್ತಲಾಯಿತು, ಹೊತ್ತು ನೀರಿಗೆ ಬರಲೇ ಇಲ್ಲ. ಮರುದಿನವೂ ಅಷ್ಟೇ.

“ನಾವ ಜಾಗಾ ತಪ್ಪೀವಿ ಅಂದ್ಕೊಂಡ್ವಿ. ತಮ್ಮ ಕುಂತ ಜಾಗಾ ಬ್ಯಾರೆ ಇರಬೇಕು, ಇನ್ನೀಟು ಮುಂದ ಹೋಗೂಣು ಅಂತ ನಿಮ್ಮ ಮಾಮಾಗ ನಾನ ಹೇಳ್ತಿದ್ದೆ. ದಿನಾ ಇನ್ನೀಟು ದೂರ ನಡದ್ವಿ. ಉಸುಕಿನಾಗ ಕಾಲು ಹೂತು ಬರೂದು, ಉಸುರು ಬರ್ತಿರಲಿಲ್ಲ. ಯಾರನರ ಕೇಳೂಣಂದ್ರ ಮಾತು ಬರಂಗಿಲ್ಲ.”

ಉಮಾಪತಿ ಕುಪ್ಪಸದ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ಒಂದಿನ ನಸುಕಿನ್ಯಾಗ ದಮ್ಮು ಭಾಳ ಆತು. ಆ ಖೋಲ್ಯಾಗ ಕುಂದ್ರಾಕ ಆಗಲಿಲ್ಲ. ನಿಮ್ಮ ಮಾಮಾ ಕೈ ಹಿಡದು ದಂಡಿಗೆ ಕರಕೊಂಡು ಹೋದ್ರು. ಮೀನ ಹಿಡಿಯೋರು ನಾಕು ಮಂದಿ ಇದ್ರು ಅಷ್ಟ. ನೋಡ್ತೀನಿ, ಹೊತ್ತು ನೀರಾಗಿಂದ ಎದ್ದು ಬರಾಕ ಹತ್ತೇತಿ.” ಅಕ್ಕ ಸ್ವಲ್ಪ ಹೊತ್ತು ಉಸಿರಿಗಾಗಿ ನಿಂತಳು. “ಭಾಳ ಛಂದ ಇತ್ತು ತಮ್ಮಾ. ಕುಂಕುಮ ಕಲಸಿದಂಗ. ಆವಾಗ ತಿಳೀತು.”

  ಪರದೆಯಾಚೆ ಗಿಡ್ಡಪ್ಪ ಹೊಸಬರಿಬ್ಬರಿಗೆ ಇಸ್ತ್ರಿಪೆಟ್ಟಿಗೆಯ ಕಥೆಯನ್ನು ತಾನೇ ಹೇಳುತ್ತಿದ್ದ, ಚುಂಯ್ ಎನ್ನುವಲ್ಲಿ ನಗು ಎದ್ದಿತು.

ಉಮಾಪತಿ ಎದ್ದು ಚಿಂದಿಗಳ ಕೆಳಗಿದ್ದ ಹಂಪಣ್ಣನ ಕಾಗದ ತಂದು ಅಕ್ಕನ ಮುಂದಿಟ್ಟ. ಅವಳಿಗೆ ಓದು ಬಾರದು. ಅವನೇ ಓದಿದ. ಕೆಳಗಿನ ಖೋಲಿ, ದಾರಿ ಕಾಯುವ ಪಂಪಮ್ಮ ಎಲ್ಲ ಓದಿದ. ಕಾಜಾದ ಸಾಲನ್ನೂ ಓದಿ ಮುಗಿಸಿದ. ಅಕ್ಕ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ನೇವರಿಸುತ್ತಿದ್ದಳು.

“ಮುಂಬಯಿದಾಗ ಮುಳುಗತೈತಿ, ಹೌದಲ್ಲ?” ಎಂದಳು ಕೊನೆಗೆ. “ಅದನ್ನರ ನೀ ನೋಡೀದಿ ಹೌದಲ್ಲ?”

“ಒಂದ ಸಲ ನೋಡೀನಿ.”

“ಹಂಗಾರ ಅದನ್ನ ಹೇಳು.”

ಅವಳು ಕಣ್ಣು ಮುಚ್ಚಿದಳು. ಹಿತ್ತಲ ಬಾಗಿಲಿನಿಂದ ಇಳಿಬಿಸಿಲು ಒಳಗೆ ಬಂದು ಅವಳ ಪಾದದ ಹತ್ತಿರ ಬಿದ್ದಿತ್ತು. ಉಮಾಪತಿ ಕುಪ್ಪಸವನ್ನು ಮೊಣಕಾಲ ಮೇಲೆ ಹರಡಿ, ಸೂಜಿಯ ಮೊನೆಯಿಂದ ತೋಳಿನ ಹೊಲಿಗೆಯ ಮೊದಲ ಟಾಕು ಎತ್ತಿದ.

“ಮುಂಬಯಿದಾಗ ನಾ ಕಾಜಾ ಹಾಕ್ತಿದ್ದೆ ಅಕ್ಕಾ” ಎಂದ. “ನನಗ ಕತ್ತರಿ ಕೊಡ್ತಿರಲಿಲ್ಲ.”

“ಹೂಂ” ಎಂದಳು ಅಕ್ಕ.

ಪರದೆಯಾಚೆ ಗಿಡ್ಡಪ್ಪನ ಮಾತು ನಡುವೆ ನಿಂತಿತು. ಕಟ್ಟೆಯ ಮೇಲೆ ಯಾರೂ ಮಿಸುಕಿದ ಸದ್ದಿಲ್ಲ. ಉಮಾಪತಿಗೆ ಅದು ಕೇಳಿಸಿತು. ಅವನು ಎರಡನೆಯ ಟಾಕು ಎತ್ತಿದ, ಮೂರನೆಯದು ಎತ್ತಿದ, ದನಿ ತಗ್ಗಿಸದೆ ಮುಂದೆ ಹೇಳಿದ.

“ಮದ್ರಾಸ ನಾ ಕಂಡಿಲ್ಲ.”

“ಹೂಂ.”